ಕಳ್ಳರಲ್ಲಿ ವಿನಂತಿ

ಆಳಂದದಲ್ಲಿ ನಮ್ಮ ಕಾರಿಗೆ ಬೀಗ ಬಿದ್ದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕಲಬುರಗಿಯ ನಿವೃತ್ತ ಎಂಜಿನಿಯರರೊಬ್ಬರು ಬಳಸಿ ಬಿಟ್ಟ ಹಳೆಯ ಗಾಡಿ ಅದು. ಕಿಟಕಿಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಎತ್ತರದ ಕರಿ ಗುಂಡಿ. ಒತ್ತಿದರೆ ಬೀಗ, ಮೇಲೆತ್ತಿದರೆ ಬಿಡುಗಡೆ. ಆ ಗುಂಡಿಯನ್ನು ಒತ್ತುವ ಪ್ರಸಂಗವೇ ನಮ್ಮ ಓಣಿಯಲ್ಲಿ ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ನಮ್ಮ ಅತ್ತೆ ಹಿಂದಿನ ಸೀಟಿನ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದರು. ಕಾಗೆಯ ಕಾಟವಿಲ್ಲ, ಧೂಳಿಲ್ಲ, ಮಧ್ಯಾಹ್ನದ ಎರಡು ತಾಸಿನಲ್ಲಿ ಕಟಕಟ ಒಣಗುತ್ತವೆ. ಇದನ್ನು ನೋಡಿ ಅಕ್ಕಪಕ್ಕದವರೂ ತಟ್ಟೆ ತಂದಿಟ್ಟರು. ಯಾರು ಬೇಕಾದರೂ ಬಂದು, ಬಾಗಿಲು ತೆಗೆದು, ತಮ್ಮ ತಮ್ಮ ಸಂಡಿಗೆ ಮಗುಚಿ, ಬಾಗಿಲು ಹಾಕದೆ ಹೋಗುತ್ತಿದ್ದರು. ಕಾರು ಬೇಕಾದಾಗ ನಾವೇ ಓಣಿಯವರ ಅಪ್ಪಣೆ ಕೇಳಬೇಕಾದ ಸ್ಥಿತಿ ಇತ್ತು.

ಇಂಥ ಕಾರನ್ನು ತೆಗೆದುಕೊಂಡು ಹೈದರಾಬಾದಿಗೆ ಹೋಗುವ ಸಂದರ್ಭ ಬಂತು. ನಮ್ಮ ಮನೆಯವರ ಅಕ್ಕನ ಮಗಳು ಅಲ್ಲಿದ್ದಾಳೆ. ಆಕೆಯ ಗಂಡನದು ನೋಟ್‌ಬುಕ್ಕು ಪೆನ್ನುಗಳ ಅಂಗಡಿ. ಎರಡನೆಯ ಹೆರಿಗೆ ಅಲ್ಲೇ ಆಗಿತ್ತು, ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಸೋದರಮಾವನ ಮನೆಯವರಾಗಿ ನಾವು ಹೋಗಲೇಬೇಕು. ಅತ್ತೆಯಂತೂ ಮರಿಮೊಮ್ಮಗನಿಗೆಂದು ಹಳೆಯ ಸೀರೆಗಳ ಕೌದಿ ಹೊಲಿದು ಮೂರು ತಿಂಗಳಿಂದ ಕಾಯುತ್ತಿದ್ದರು.

ನಾನು ಕಡಗಂಚಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ರಜೆ ಕೇಳಲು ಹೋದಾಗ ನಮ್ಮ ಮುಖ್ಯಗುರುಗಳು ಅರ್ಜಿಯನ್ನು ಬದಿಗಿಟ್ಟು, "ಟೀಚರ್, ಕಾರ್ ಒಯ್ಯಾಕತ್ತೀರೇನು?" ಎಂದು ಕೇಳಿದರು. ಹೌದು ಎಂದೆ. ಅವರ ಮುಖ ಸಣ್ಣದಾಯಿತು. ಅಫಜಲಪುರದವರಾದ ಅವರು ಒಮ್ಮೆ ಹೈದರಾಬಾದಿನಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಗಾಜು ಒಡೆದು ಹಿಂದಿನ ಸೀಟಿನ ಮೇಲಿದ್ದ ಚೀಲ ಒಯ್ದಿದ್ದರಂತೆ. ಚೀಲದಲ್ಲಿದ್ದದ್ದು ಏಳನೆಯ ತರಗತಿಯ ವಿಜ್ಞಾನದ ಉತ್ತರ ಪತ್ರಿಕೆಗಳು.

"ಒಯ್ದದ್ದಕ್ಕ ನನಗ ಬ್ಯಾಸರ ಇಲ್ರಿ," ಎಂದರು ಅವರು. "ಆದ್ರ ಅಷ್ಟೂ ತಿದ್ದಿ ಮುಗಿಸಿದ್ದೆ. ತಿದ್ದೂಕಿಂತ ಮೊದಲ ಒಯ್ದಿದ್ರ ಆ ಕಳ್ಳಗ ಕೈ ಮುಗೀತಿದ್ದೆ."

ಮರುದಿನ ಭಾನುವಾರ ಅವರು ಖುದ್ದಾಗಿ ಆಳಂದಕ್ಕೆ ಬಂದು ನಮ್ಮ ಮನೆಯವರಿಗೆ ಪಾಠ ಮಾಡಿದರು. ನಮ್ಮ ಮನೆಯವರದು ಬಸ್‌ಸ್ಟ್ಯಾಂಡಿನ ಹಿಂದೆ ಪಂಪಿನ ಮೋಟಾರು ದುರಸ್ತಿ ಮಾಡುವ ಅಂಗಡಿ. ಯಾವುದನ್ನೇ ಹೇಳಿದರೂ ಅರ್ಧ ಕೇಳುವ ಮನುಷ್ಯರಲ್ಲ. ಎರಡು ಪಟ್ಟು ಕೇಳುವವರು. ಅಂದು ನೋಟ್‌ಬುಕ್ಕು ತೆಗೆದುಕೊಂಡು ಕೂತರು.

"ಒಳಗ ಏನೂ ಕಾಣಬಾರ್ದು ನೋಡ್ರಿ," ಎಂದರು ಗುರುಗಳು. "ಚಾರ್ಜರ್ ವೈರ್ ಸೈತ ಕಾಣಬಾರ್ದು. ವೈರ್ ಕಂಡ್ರ ಮೊಬೈಲ್ ಅದ ಅಂತ ತಿಳೀತಾನ. ಸಾಮಾನು ಡಿಕ್ಕಿಗೆ ಹಾಕೂದಿದ್ರ ಊರಾಗ ಹೋಗೂಕಿಂತ ಮೊದಲ ಹಾಕ್ರಿ. ನಿಲ್ಸಿದ ಜಾಗಾದಾಗ ಹಾಕಿದ್ರ ಅವ ನಿಂತು ನೋಡ್ತಿರ್ತಾನ. ಬೆಳಕಿದ್ದಲ್ಲಿ, ಮಂದಿ ಓಡಾಡೋ ಕಡಿ ನಿಲ್ಸ್ರಿ. ಎರಡ ನಿಮಿಷ ಅಂತ ಅಂದ್ರೂ ಬೀಗ ಹಾಕ್ರಿ."

ಎಲ್ಲವೂ ಒಳ್ಳೆಯ ಮಾತೇ. ಅವನ್ನು ಬರೆದುಕೊಂಡವರು ನಮ್ಮ ಮನೆಯವರು ಎಂಬುದೊಂದೇ ತೊಂದರೆ.

ಹೊರಟ ದಿನ ಹುಮನಾಬಾದ್, ಜಹೀರಾಬಾದ್ ದಾಟಿ, ಹೈದರಾಬಾದ್ ಇನ್ನು ಒಂದು ತಾಸು ಇರುವಾಗ ಅವರು ಪೆಟ್ರೋಲ್ ಬಂಕಿನ ಬದಿಗೆ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. ಎಲ್ಲರೂ ಎಂದರೆ ನಾನು ಮತ್ತು ಅತ್ತೆ. ಡಿಕ್ಕಿಯಲ್ಲಿ ತೊಗರಿಬೇಳೆಯ ಚೀಲ, ಕಡಕ್ ರೊಟ್ಟಿಯ ಎರಡು ಪೆಟ್ಟಿಗೆ, ಶೇಂಗಾ ಚಟ್ನಿಯ ಡಬ್ಬಿ, ಕೌದಿ, ಬಿಚ್ಚಿಟ್ಟ ತೊಟ್ಟಿಲು, ಎಲ್ಲ ಮೊದಲೇ ತುಂಬಿದ್ದವು. ಸೀಟಿನ ಮೇಲಿದ್ದ ನಮ್ಮ ಚೀಲಗಳಿಗೆ ಜಾಗವಿರಲಿಲ್ಲ. ಅರ್ಧ ತಾಸು ತುರುಕಿದರು. ಕೊನೆಗೆ ಬೇಳೆಯ ಚೀಲ ಹೊರಬಂತು, ಸೀಟಿನ ಮೇಲೆ ಅದನ್ನಿಟ್ಟು ಅದರ ಮೇಲೆ ಅತ್ತೆಯನ್ನು ಕೂರಿಸಿದರು. ಅತ್ತೆಯ ತಲೆ ಕಾರಿನ ಮೇಲ್ಛಾವಣಿಗೆ ತಾಗುತ್ತಿತ್ತು.

"ಲೇ ತಮ್ಮಾ, ನಾ ಕಂಡ್ರ ನಡೀತದೇನು? ಇಲ್ಲಾ ನನ್ನೂ ಡಿಕ್ಕಿಗೆ ಹಾಕ್ತಿ?" ಎಂದು ಅತ್ತೆ ಕೇಳಿದರು.

"ನಿನ್ನ ಯಾರ್ ಒಯ್ತಾರ ಬಿಡವ್ವಾ," ಎಂದರು ಮಗ. 

ಅಕ್ಕನ ಮಗಳೆಂದರೆ ನಮಗೆ ಸೊಸೆ. ಆಕೆಯ ಮನೆಯಿರುವ ಗಲ್ಲಿಗೆ ಕಾರು ಹೋಗುವುದಿಲ್ಲ. ಮುಖ್ಯರಸ್ತೆಯ ಮೇಲೆ ನಾಲ್ಕಂತಸ್ತಿನ ಅಂಗಡಿ ಕಟ್ಟಡವಿದೆ, ಅದರ ಮುಂದೆ ನಿಲ್ಲಿಸಬಹುದು, ಹಗಲು ರಾತ್ರಿ ಕಾವಲಿರುತ್ತದೆ ಎಂದು ಆಕೆಯ ಗಂಡ, ಅಂದರೆ ನಮ್ಮ ಅಳಿಯ, ಮೊದಲೇ ಹೇಳಿದ್ದ. ಅವನ ಅಂಗಡಿಯೂ ಅದೇ ಸಾಲಿನ ಕೊನೆಗಿದೆ. ದೊಡ್ಡ ದೀಪದ ಕಂಬದ ಕೆಳಗೆ ಗಾಡಿ ನಿಲ್ಲಿಸಿದೆವು. ಸಂಜೆಯ ಹೊತ್ತು, ಜನ ಓಡಾಡುತ್ತಿದ್ದರು. ಗುರುಗಳು ಹೇಳಿದ್ದೆಲ್ಲ ಆಗಿತ್ತು. ಆದರೆ ನಮ್ಮ ಮನೆಯವರಿಗೆ ಅಷ್ಟರಲ್ಲಿ ಡಿಕ್ಕಿಯ ಮೇಲೂ ನಂಬಿಕೆ ಹೋಗಿತ್ತು.

"ಡಿಕ್ಕಿ ಮುರದ್ರ?" ಎಂದರು.

ಹೀಗಾಗಿ ಬೇಳೆ, ರೊಟ್ಟಿ, ತೊಟ್ಟಿಲು, ಚೀಲಗಳು ಗಲ್ಲಿಯಲ್ಲಿ ಹಾದು ಮೂರನೆಯ ಮಹಡಿಗೆ ಏರಿದವು. ಅದು ಹೇಗಿದ್ದರೂ ಏರಬೇಕಾದದ್ದೇ. ಎರಡನೆಯ ಸಲ ಅವರು ಕೆಳಗೆ ಹೋಗಿ ಕಾಲಿನಡಿಯ ಮ್ಯಾಟುಗಳು, ಜಾಕು, ಪಾನಾ, ಸೀಟಿನ ಕವರುಗಳನ್ನು ಬಿಚ್ಚಿಕೊಂಡು ಬಂದರು. ಮೂರನೆಯ ಸಲ ಸ್ಟೆಪ್ನಿ ಗಾಲಿಯನ್ನು ಹೆಗಲ ಮೇಲೆ ಹೊತ್ತು ಬಂದರು. ಬಾಗಿಲು ತೆಗೆದ ಅಳಿಯ ಗಾಲಿಯನ್ನು ಬೆರಳಿನಿಂದ ಒತ್ತಿ ನೋಡಿದ.

"ಮಾವ, ಪಂಕ್ಚರ್ ಆಗ್ಯಾದೇನ್ರಿ?"

"ಇಲ್ಲ, ಚಲೋ ಅದ. ಅದಕ್ಕ ತಂದೀನಿ."

ಎರಡು ಕೋಣೆಯ ಮನೆ. ಕೂಸು, ಬಾಣಂತಿ, ದೊಡ್ಡ ಮಗಳು, ಅಳಿಯನ ತಾಯಿ, ನಾವು ಮೂವರು, ಮತ್ತು ಒಂದು ಗಾಲಿ. ಗಾಲಿ ಕೊಳೆಯಾಗಿತ್ತೆಂದು ಅಳಿಯನ ತಾಯಿ ಅದಕ್ಕೆ ಹಳೆಯ ಹಸಿರು ಬಟ್ಟೆ ಸುತ್ತಿ ದೇವರಿದ್ದ ಒಳಕೋಣೆಯ ಮೂಲೆಗಿಟ್ಟರು. ಬೇರೆ ಮೂಲೆ ಖಾಲಿ ಇರಲಿಲ್ಲ.

ಇಷ್ಟಾದ ಮೇಲೂ ನಮ್ಮ ಮನೆಯವರಿಗೆ ಸಮಾಧಾನವಾಗಲಿಲ್ಲ. ಕಾರು ಪೂರ್ತಿ ಖಾಲಿ ಇದೆ ಎಂಬುದು ನಮಗೆ ಗೊತ್ತು. ಕಳ್ಳನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದೆ ಗಾಜು ಒಡೆದರೆ ಅವನಿಗೂ ನಷ್ಟ, ನಮಗೂ ನಷ್ಟ. ಅವನಿಗೆ ಮೊದಲೇ ತಿಳಿಸಿಬಿಡುವುದು ವಾಸಿ. ಅಂಗಡಿಯಿಂದ ಅಳಿಯ ತಂದಿದ್ದ ದೊಡ್ಡ ಹಾಳೆಯನ್ನು ನನ್ನ ಮುಂದೆ ಹಾಸಿ, "ನಿನ್ನ ಅಕ್ಷರ ಚಂದ ಅದಾವ, ಬರಿ," ಎಂದರು.

ಯಾವ ಭಾಷೆಯಲ್ಲಿ ಎಂಬ ಚರ್ಚೆ ಊಟ ಮುಗಿಯುವವರೆಗೂ ನಡೆಯಿತು. ತೆಲುಗು ನಮಗೆ ಬರುವುದಿಲ್ಲ. ಇಂಗ್ಲಿಷ್ ಬರುವ ಕಳ್ಳ ಬೇರೆ ಉದ್ಯೋಗ ಹಿಡಿದಿರುತ್ತಾನೆ ಎಂದ ಅಳಿಯ. ಹಿಂದಿ ಎಂದು ನಿಶ್ಚಯವಾಯಿತು. ಅಷ್ಟರಲ್ಲಿ ಅತ್ತೆ, "ಕನ್ನಡದಾಗೂ ಬರಿಯವ್ವಾ. ನಮ್ಮ ಕಡಿ ಮಂದಿ ಎಲ್ಲಾ ಧಂದೇದಾಗೂ ಅದಾರ," ಎಂದರು. ಮೇಲೆ ಕನ್ನಡ, ಕೆಳಗೆ ಹಿಂದಿ ಎಂದಾಯಿತು. "ಕಳ್ಳರಲ್ಲಿ ವಿನಂತಿ. ಈ ಕಾರಿನಲ್ಲಿ ಏನೂ ಇಲ್ಲ. ದಯವಿಟ್ಟು ಗಾಜು ಒಡೆಯಬಾರದು," ಎಂದು ಬರೆದೆ. 'ಕಳ್ಳರೇ' ಎಂದರೆ ಸಿಟ್ಟಿಗೆದ್ದಾರು ಎಂದು 'ಕಳ್ಳರಲ್ಲಿ' ಎಂದದ್ದು ನನ್ನದೇ ಬುದ್ಧಿ. ಹದಿನೇಳು ವರ್ಷದಿಂದ ಕರಿಹಲಗೆಯ ಮೇಲೆ ಸುವಿಚಾರ ಬರೆದ ಕೈ. ಸುತ್ತ ಬಳ್ಳಿಯ ಅಂಚನ್ನೂ ಬಿಡಿಸಿದೆ. ನಮ್ಮ ಮನೆಯವರು ಅದನ್ನು ಒಯ್ದು ಮುಂದಿನ ಗಾಜಿಗೆ ಅಂಟಿಸಿ, ಆ ಹೊತ್ತಿನ ಕಾವಲುಗಾರನಿಗೆ ಆರು ರೊಟ್ಟಿ ಕೊಟ್ಟು, "ಯಾರನ್ನೂ ಮುಟ್ಟಗೊಡಬೇಡಿ. ನನ್ನದೇ ಗಾಡಿ ಅಂತ ಹೇಳಿಕೊಂಡು ಯಾರೇ ಬಂದರೂ ನಂಬಬೇಡಿ," ಎಂದು ಹಿಂದಿಯಲ್ಲಿ ಕೇಳಿಕೊಂಡು ಬಂದರು. ಬೆಳಿಗ್ಗೆ ಬರುವವರಿಗೂ ಹೇಳಿ ಹೋಗುತ್ತೇನೆ ಎಂದು ಆತ ಭರವಸೆ ಕೊಟ್ಟನಂತೆ.

ಮರುದಿನ ಬೆಳಿಗ್ಗೆ ಕಾರ್ಯ ಚೆನ್ನಾಗಿಯೇ ನಡೆಯಿತು. ಅತ್ತೆ ಮಾತ್ರ ಜೋಗುಳದ ಮಧ್ಯೆ ಎರಡು ಸಲ ಎದ್ದು, ಮೂರು ಮಹಡಿ ಇಳಿದು, ಗಲ್ಲಿಯ ತುದಿಯಿಂದ ಕಾರು ನೋಡಿ, ಮತ್ತೆ ಏರಿ ಬಂದರು. ಆಮೇಲೆ ನೆರೆಯ ಹೆಂಗಸರು ಆರತಿ ತಟ್ಟೆ ಹಿಡಿದು ಬಂದರು. ಅವರಲ್ಲೊಬ್ಬರು ದೇವರ ಕೋಣೆಗೆ ಹೋಗಿ, ಹಸಿರು ಬಟ್ಟೆ ಸುತ್ತಿದ ದುಂಡಗಿನ ವಸ್ತುವನ್ನು ನೋಡಿ, ನಮ್ಮ ಕಡೆಯ ಯಾವುದೋ ಪದ್ಧತಿ ಇರಬೇಕೆಂದುಕೊಂಡು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಅಕ್ಕಿಕಾಳು ಹಾಕಿದರು. ಹಿಂದಿದ್ದವರು ಅವರನ್ನು ನೋಡಿ ತಾವೂ ಹಾಕಿದರು. ಒಬ್ಬರು ಕೈಯನ್ನೂ ಮುಗಿದರು. ಸೊಸೆಗೆ ನಗು ತಡೆಯಲಾಗದೆ ಕೂಸಿನ ಮೇಲೆ ಮುಖವಿಟ್ಟುಕೊಂಡು ಕೂತಳು. ನಾನು ಹೇಳೋಣವೆಂದುಕೊಂಡೆ, ಐದು ಜನರ ಪೂಜೆಯಾದ ಮೇಲೆ ಏನು ಹೇಳುವುದು?

ಊಟ ಮುಗಿದು ಹೊರಡುವ ಹೊತ್ತಾಯಿತು. ಮೊದಲು ನಾನು ಚೀಲಗಳನ್ನು ಕೆಳಗೆ ತಂದೆ. ಕಾವಲಿನವರ ಕುರ್ಚಿ ಖಾಲಿ ಇತ್ತು. ಕಾಗದಪತ್ರ, ಪರ್ಸು, ಮೊಬೈಲು ಎಲ್ಲ ಅದರಲ್ಲೇ. ಡಿಕ್ಕಿಗೆ ಹಾಕಿ ಮುಚ್ಚಿದೆ. ಹಾಳೆಯನ್ನು ಬಿಡಿಸೋಣವೆಂದು ಎರಡೂ ಕೈ ಬೇಕಾಗಿ, ಬೀಗದಕೈಯನ್ನು ಮುಂದಿನ ಸೀಟಿನ ಮೇಲಿಟ್ಟೆ. ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ನಮ್ಮ ಮನೆಯವರು ಗಾಲಿ ಹೊತ್ತು ಬರುವುದು ಕಾಣಿಸಿತು. ಹಿಂದೆ ಅತ್ತೆ ಮ್ಯಾಟುಗಳನ್ನು ಹಿಡಿದು ಬರುತ್ತಿದ್ದರು. ಅವರಿಗೆ ನೆರವಾಗಲು ಓಡುವ ಮೊದಲು ಗುರುಗಳ ಮಾತು ನೆನಪಾಯಿತು: ಎರಡು ನಿಮಿಷವಾದರೂ ಬೀಗ. ನಾಲ್ಕೂ ಬಾಗಿಲಿನ ಕರಿ ಗುಂಡಿ ಒತ್ತಿ, ಹಿಡಿಕೆ ಎತ್ತಿ ಹಿಡಿದು, ದಡ್ ದಡ್ ಎಂದು ಮುಚ್ಚಿದೆ. ನಾಲ್ಕನೆಯದು ಮುಚ್ಚಿ ಕಿಟಕಿಯಲ್ಲಿ ಇಣುಕಿದೆ.

ಇಡೀ ಕಾರಿನೊಳಗೆ ಕಣ್ಣಿಗೆ ಕಾಣುವ ಒಂದೇ ಒಂದು ವಸ್ತುವಿತ್ತು, ಬೀಗದಕೈ.

ನಮ್ಮ ಮನೆಯವರು ಬೈಯಲಿಲ್ಲ. ಗಾಲಿ ಕೆಳಗಿಟ್ಟು, ಹಣೆಯ ಬೆವರು ಒರೆಸಿಕೊಂಡು, "ಬೀಗ ಹಾಕಿದ್ದೇನೋ ಬರೋಬರಿ," ಎಂದರು. ಎರಡನೆಯ ಬೀಗದಕೈ ಆಳಂದದ ಮನೆಯಲ್ಲಿತ್ತು. ಅವರು ಬದಿಯಲ್ಲಿ ಬಿದ್ದಿದ್ದ ತಂತಿಯೊಂದನ್ನು ಹುಡುಕಿ, ಮೋಟಾರು ಬಿಚ್ಚುವ ಶ್ರದ್ಧೆಯಿಂದ ಕಿಟಕಿಯ ರಬ್ಬರಿನ ಸಂದಿಯಲ್ಲಿ ತೂರಿಸತೊಡಗಿದರು. ಯಾರಿಗೂ ಕಾಣದಿರಲೆಂದು ನಾನು ಅಡ್ಡ ನಿಂತೆ. ಯಾಕೆ ಅಡ್ಡ ನಿಂತೆನೋ ದೇವರಿಗೇ ಗೊತ್ತು.

ಆಗ ಕಿವಿ ಕಿತ್ತುಹೋಗುವ ಹಾಗೆ ಸೀಟಿ ಕೇಳಿತು. ಕಟ್ಟಡದ ಬಾಗಿಲಿನಿಂದ ಹಗಲಿನ ಕಾವಲಿನಾಕೆ ಓಡಿ ಬಂದಳು. ನಲವತ್ತರ ಹೆಂಗಸು, ನೀಲಿ ಅಂಗಿ, ಕೆಳಗೆ ಸೀರೆ, ಕೈಯಲ್ಲಿ ಬಿದಿರಿನ ಕೋಲು. ಏನು ಮಾಡುತ್ತಿದ್ದೀರಿ ಎಂದು ಹಿಂದಿಯಲ್ಲಿ ಗದರಿದಳು.

"ಏ, ಕ್ಯಾ ಕರ್‌ರೈ?"

"ಹಮಾರಿಚ್ ಗಾಡಿ ಹೈ," ಎಂದರು ನಮ್ಮ ಮನೆಯವರು.

ಆಕೆ ಕೋಲಿನಿಂದ ಗಾಜಿನ ಮೇಲಿನ ಹಾಳೆ ತೋರಿಸಿದಳು. ಮೇಲೆ ಕನ್ನಡ ಬರೆದಿದೆ, ಈ ಗಾಡಿ ಕನ್ನಡದವರದು, ನೀನು ಹಿಂದಿ ಮಾತಾಡುತ್ತಿದ್ದೀಯ, ಇದು ಹೇಗೆ ನಿನ್ನದಾಗುತ್ತದೆ ಎಂದು ಕೇಳಿದಳು. ನಮ್ಮ ಮನೆಯವರು ತಂತಿ ಬಿಟ್ಟು ಎರಡೂ ಕೈ ಮೇಲೆತ್ತಿದರು. ಗಾಡಿಯ ಅಷ್ಟು ನಿಜವಾದ ಒಡೆಯ ಅಷ್ಟು ಕಳ್ಳನ ಹಾಗೆ ಕಂಡದ್ದನ್ನು ನಾನು ನೋಡಿಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. ಮ್ಯಾಟುಗಳನ್ನು ನೆಲಕ್ಕೆ ಒಗೆದು, "ಏ ಯವ್ವಾ, ನನ್ನ ಮಗಗ ಕಳ್ಳ ಅಂತಿ ಏನ್ ಬೇ? ಮುಂಜಾನಿಂದ ಎರಡ ಸಲ ಬಂದು ನೋಡಿ ಹೋಗೀನಿ, ನಿನ್ನ ಕಣ್ಣಿಗೆ ಕಂಡಿಲ್ಲೇನು?" ಎಂದು ಕೂಗಿದರು.

ಆಕೆ ತಿರುಗಿ ನೋಡಿದಳು. ಕೋಲು ಸ್ವಲ್ಪ ಕೆಳಗಾಯಿತು. "ಯಾವೂರ್ ಬೇ ನಿಮ್ದು?" ಎಂದಳು, ನಮ್ಮದೇ ಕನ್ನಡದಲ್ಲಿ.

"ಆಳಂದ. ನಿಂದು?"

"ಜೇವರ್ಗಿ ಹತ್ರ ಹಳ್ಳಿ."

ನಾವು ಮೂವರೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು. ನಮ್ಮ ಮನೆಯವರು ನಗುತ್ತಾ ಮತ್ತೆ ತಂತಿಗೆ ಕೈ ಹಾಕಿದರು. ಕೋಲು ಅವರ ಮಣಿಕಟ್ಟಿನ ಮೇಲೆ ಬಂದು ನಿಂತಿತು.

"ನಿಂದರ್ರಿ. ನಮ್ಮ ಕಡಿಯವ್ರಾದ್ರ ಏನಾತು? ನಮ್ಮ ಕಡಿ ಕಳ್ಳರಿಲ್ಲೇನು? ಮುಂಜಾನೆ ಎರಡ ಸಲ ಬಂದು ಹಣಿಕಿ ಹಾಕಿದ್ದು ಈ ಮುದುಕೀನ ಹೌದಲ್ಲ? ಕಳ್ಳರೂ ಹಾಂಗೇ ಬಂದು ನೋಡ್ತಾರ. ಹೇಳ್ರಿ, ಗಾಡ್ಯಾಗ ಏನೇನ ಅದ?"

"ಡಿಕ್ಕ್ಯಾಗ ಮೂರು ಚೀಲ ಅದಾವ್ರಿ. ಕಾಗದಪತ್ರ ಎಲ್ಲಾ ಅದರಾಗ," ಎಂದೆ.

ಆಕೆ ಹಾಳೆಯ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು: "ಈ ಕಾರಿನಲ್ಲಿ ಏನೂ ಇಲ್ಲ." ನನ್ನನ್ನು ನೋಡಿದಳು. "ಗಾಡಿಯವ್ರೇ ಬರದಾರ, ಏನೂ ಇಲ್ಲಂತ. ನೀವು ಮೂರು ಚೀಲ ಅಂತೀರಿ. ಸುಳ್ಳು ಯಾರು ಹೇಳ್ಯಾರ?"

"ಅದನ್ನ ಬರದಾಕಿ ನಾನೇ ರೀ!"

"ಹಾಂಗಾದ್ರ ಇನ್ನೊಮ್ಮೆ ಬರೀರಿ, ನೋಡೋಣು."

ಕುರ್ಚಿಯ ಮೇಲಿದ್ದ ಹಾಜರಿ ಪುಸ್ತಕದ ಹಿಂಬದಿ, ಒಂದು ಬಾಲ್ ಪೆನ್ನು ಬಂದವು. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಕಾರಿನ ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು ನಾನು ಬರೆಯತೊಡಗಿದೆ. ಬಿಸಿಲಿಗೆ ಬಾನೆಟ್ಟು ಸುಡುತ್ತಿತ್ತು, ಕೈ ಎತ್ತಿ ಎತ್ತಿ ಬರೆದೆ. 'ವಿನಂತಿ'ಯ ಸೊನ್ನೆ ಬಿಟ್ಟುಹೋಗಿ ಆಮೇಲೆ ತುರುಕಿದೆ. ಮಕ್ಕಳಿಗೆ ಪರೀಕ್ಷೆ ಕೊಡುವವಳಿಗೆ ಬೀದಿಯಲ್ಲಿ ಪರೀಕ್ಷೆ. ಆಕೆ ಎರಡನ್ನೂ ಪಕ್ಕ ಪಕ್ಕ ಹಿಡಿದು ಬಹಳ ಹೊತ್ತು ನೋಡಿ ತಲೆಯಾಡಿಸಿದಳು.

"ಇಲ್ರಿ. ಅಲ್ಲಿ ಬರದಾಕಿ ಭಾಳ ಶಾಣ್ಯಾಕಿ ಇದ್ದಂಗ ಕಾಣ್ತಾಳ. ನಿಮ್ಮ ಅಕ್ಷರ ಅಷ್ಟ ಚಲೋ ಇಲ್ಲ."

ಆ ಮಾತಿಗೆ ಹೆಮ್ಮೆಪಡಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ನಮ್ಮ ಮನೆಯವರು ಮಾತ್ರ ನನ್ನ ಕಿವಿಯ ಹತ್ತಿರ, "ಜರಾ ನಿಧಾನ ಬರೀಬೇಕಿತ್ತು," ಎಂದರು.

ಕೊನೆಗೆ ನಮ್ಮನ್ನು ಬಿಡಿಸಿದವನು ಅಳಿಯ. ಅಂಗಡಿ ತೆಗೆಯಲು ಬಂದವನು ಗುಂಪು ನೋಡಿ ಓಡಿ ಬಂದ. ಆಕೆಗೆ ಅವನ ಪರಿಚಯವಿತ್ತು. "ಇವ್ರು ನಮ್ಮ ಮಾವ, ಮಾಮಿ ರೀ. ತೊಟ್ಟಿಲಕ್ಕ ಬಂದಾರ," ಎಂದ. ಆಕೆ ಅವನನ್ನೂ ಎರಡು ಪ್ರಶ್ನೆ ಕೇಳಿ, ಆಮೇಲೆ ಕೋಲನ್ನು ಗೋಡೆಗೆ ಒರಗಿಸಿದಳು. ಒಳಗೆ ಹೋಗಿ, ರಟ್ಟಿನ ಪೆಟ್ಟಿಗೆಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತಂದು, ಬಾಗಿಲಿನ ಸಂದಿಯಲ್ಲಿ ಇಳಿಸಿ, ಏನೋ ಮಾಡಿದಳು. ನಾನು ಮೂಗಿನ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕರಿ ಗುಂಡಿ ಟಕ್ಕೆಂದು ಮೇಲೆದ್ದಿತು.

ನಮ್ಮ ಮನೆಯವರ ಮುಖ ಬಿಳುಚಿತು. "ಇಷ್ಟ ಸರಳ ಏನ್ರಿ?"

"ತಿಂಗಳಿಗೊಬ್ರು ಒಳಗ ಕೀಲಿ ಬಿಟ್ಟು ನಿಂದರ್ತಾರ್ರಿ, ಕಲ್ತೀನಿ. ಕಳ್ಳರಿಗೆ ಇದೂ ಬ್ಯಾಡ, ಒಂದ ಕಲ್ಲು ಸಾಕು." ಆಮೇಲೆ ಆಕೆ ನನ್ನತ್ತ ತಿರುಗಿ ಹೇಳಿದಳು: "ಸಾಮಾನು ತಗದು ಮನ್ಯಾಗ ಇಟ್ಟೀರಿ, ಅದು ಬರೋಬರಿ. ಈ ಕಾಗದ ಯಾಕ ಹಚ್ಚಿದ್ರಿ? ಈ ಗಾಡಿ ಕಡಿ ಯಾರೂ ನೋಡ್ತಿದ್ದಿಲ್ಲ. ಕಾಗದ ಓದಾಕ ಅಂತ ಮುಂಜಾನಿಂದ ಮಂದಿ ಬಂದೂ ಬಂದೂ ನಿಂತಾರ. ಓದಾಕ ಬರಲಾರದವ್ರು ಹೂವಿನ ಬಳ್ಳಿ ಭಾಳ ಚಂದ ಅದ ಅಂತ ಫೋಟೋ ಹೊಡ್ಕೊಂಡಾರ. ಅವ್ರನ್ನ ಓಡಿಸಿ ಓಡಿಸಿ ನನ್ನ ಗಂಟಲ ಹೋಗ್ಯಾದ."

ಆಕೆ ನೀರು ಕೇಳಿದಳು. ಅತ್ತೆ ನೀರಿನ ಜೊತೆಗೆ ಬುತ್ತಿಯನ್ನೂ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ ನೋಡಿ ಆಕೆ ಕಟ್ಟೆಯ ಮೇಲೆ ಕೂತೇಬಿಟ್ಟಳು. ಗಂಡನ ಜೊತೆ ಗಾರೆ ಕೆಲಸಕ್ಕೆಂದು ಬಂದವಳು, ಬೆನ್ನು ನೋವು ಹಿಡಿದ ಮೇಲೆ ಈ ಕಾವಲು ಹಿಡಿದಿದ್ದಳು. ಒಂದು ತಾಸು ಇಬ್ಬರೂ ಜೇವರ್ಗಿ ಕಡೆಯ ಜೋಳ, ಸೊಸೆಯಂದಿರು, ಮೊಣಕಾಲು ನೋವುಗಳ ಬಗ್ಗೆ ಮಾತಾಡಿದರು. ನಮ್ಮ ಮನೆಯವರು ಅಷ್ಟರಲ್ಲಿ ಗಾಲಿ, ಮ್ಯಾಟು, ಕವರು ಎಲ್ಲ ಮತ್ತೆ ಹಾಕಿದರು. ಹೊರಡುವಾಗ ಆಕೆ, ಊರ ಕಡೆಯವರು ಸಿಕ್ಕಾರೆಂದು ಒಳಗೆ ಇಟ್ಟುಕೊಂಡಿದ್ದ ಒಂದು ಕಾಗದದ ಗಂಟು ತಂದು ಅತ್ತೆಯ ಮಡಿಲಿಗಿಟ್ಟಳು. ಅದರಲ್ಲಿ ತಂಗಿಗೆ ಒಂದು ಸೀರೆ, ಅವ್ವನಿಗೆ ಕಣ್ಣಿನ ಚಾಳೀಸು ಇದ್ದವು. "ಯಾವಾಗರೆ ಆ ಕಡಿ ಹೋದ್ರ ಮುಟ್ಟಿಸ್ರಿ," ಎಂದು ತಂಗಿಯ ಊರು, ಮನೆಯ ಗುರುತು ಹೇಳಿದಳು. ಒಂದು ತಾಸಿನ ಹಿಂದೆ ನಮ್ಮನ್ನು ಪೊಲೀಸರಿಗೆ ಕೊಡಲಿದ್ದವಳು. ನಮ್ಮ ವಿಳಾಸವನ್ನೂ ಕೇಳಲಿಲ್ಲ.

ಆಳಂದದಲ್ಲಿ ಓಣಿಯವರು ಅತ್ತೆಯನ್ನು ಸುತ್ತುವರಿದು ಹೈದರಾಬಾದಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದರು. "ಕಾರ್ ನೋಡಿದ್ನವ್ವಾ," ಎಂದರು ಅತ್ತೆ. "ನಾಕೂ ಕಡಿಂದ ನೋಡಿದೆ."

ಮುಂದಿನ ಭಾನುವಾರ ಗಂಟು ಮುಟ್ಟಿಸಲು ಜೇವರ್ಗಿಯ ಕಡೆ ಹೋದೆವು. ಹಳ್ಳಿಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಆ ಕಾವಲಿನಾಕೆಯ ತಂಗಿಯ ಮನೆಗೆ ನಡೆದೆವು. ಅವ್ವ ಚಾಳೀಸು ಏರಿಸಿಕೊಂಡು ಮೊದಲು ನಮ್ಮನ್ನು, ಆಮೇಲೆ ತನ್ನ ಅಂಗೈಯನ್ನು ಬಹಳ ಹೊತ್ತು ನೋಡಿದಳು. "ನನ್ನ ಮಗಳು ಇನ್ನೂ ಹಾಂಗೇ ಒದರ್ತಾಳೇನ್ರಿ?" ಎಂದು ಕೇಳಿದಳು. ಹೌದೆಂದೆವು. ಮುದುಕಿಗೆ ಬಹಳ ಸಂತೋಷವಾಯಿತು. ಚಹಾ ಕುಡಿಯದೆ ಬಿಡಲಿಲ್ಲ.

ತಿರುಗಿ ಬಂದು ನೋಡಿದರೆ ಕಾರಿನೊಳಗೆ ನಾಲ್ಕು ಜನ ಅಜ್ಜಿಯರು ಕೂತಿದ್ದರು. ಬಾಗಿಲು ತೆರೆದಿತ್ತು, ನೆರಳಿತ್ತು, ಸೀಟು ಮೆತ್ತಗಿತ್ತು. ಒಬ್ಬರು ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡಿದ್ದರು. ಮುಂದಿನ ಸೀಟಿನಲ್ಲಿದ್ದವರು ಚಪ್ಪಲಿ ಕೆಳಗೆ ಬಿಟ್ಟು ಕಾಲು ಮಡಿಚಿಕೊಂಡು ಕನ್ನಡಿಯಲ್ಲಿ ಕುಂಕುಮ ನೋಡಿಕೊಳ್ಳುತ್ತಿದ್ದರು.

"ಇಳೀರಿ ಆಯಿ, ಹೋಗಬೇಕು ನಾವು," ಎಂದರು ನಮ್ಮ ಮನೆಯವರು.

"ಹೋಗಪಾ, ನಾವೇನ್ ಬ್ಯಾಡ ಅಂದೀವೇನು?" ಎಂದರು ಕಾಲು ಮಡಿಚಿದವರು. "ಹನುಮಪ್ಪನ ಗುಡಿ ಮುಂದ ಹಾಯ್ದು ಒಂದ ಸುತ್ತು ಹೊಡಿ. ಆಮ್ಯಾಲ ಇಳೀತೀವಿ."

ನಾನು ಮತ್ತು ಅತ್ತೆ ಬೇವಿನ ಕಟ್ಟೆಯ ಮೇಲೆ ಕೂತೆವು. ಕಾರು ಕಪ್ಪು ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಹೊರಟಿತು. ಹಿಂದಿನ ಕಿಟಕಿಯಿಂದ ಒಂದು ಬಳೆ ತುಂಬಿದ ಕೈ ಹೊರಬಂದು ಮನೆ ಮನೆಯ ಮುಂದೆ ಕೂತವರಿಗೆಲ್ಲ ಬೀಸುತ್ತಿತ್ತು. ಒಳಗಿನಿಂದ ಯಾರೋ, "ಹಾರ್ನ್ ಹೊಡಿಯೋ, ಯಾರೂ ನೋಡವಲ್ರು!" ಎಂದು ಗದರಿದ್ದು ನಮ್ಮ ತನಕ ಕೇಳಿಸಿತು. ನಮ್ಮ ಮನೆಯವರು ಹಾರ್ನ್ ಹೊಡೆದರು.